ಲಾರಿಯ ಲೋಡ್ ಕಟ್ಟುವುದು ಯಾರ ಕೆಲಸ?

ನಮ್ಮ ಮನೆಗಳಿಂದ ಲಾರಿ ಹೊರಡುವಾಗ ಕೇಳುವ ಪ್ರಶ್ನೆ ಎರಡೇ. ಊಟ ಆಯ್ತಾ? ಯಾವಾಗ ಮುಟ್ಟುತ್ತೀ? ಲೋಡ್ ಸರಿಯಾಗಿ ಕಟ್ಟಿದ್ದೀಯಾ ಎಂದು ಯಾವ ಉಮ್ಮನೂ ಕೇಳುವುದಿಲ್ಲ, ಅದು ಅವರಿಗೆ ಗೊತ್ತಿರುವ ವಿಷಯವೂ ಅಲ್ಲ. ಆದರೆ ಮಾಲಕನಾದ ನಾನೂ ಕೇಳುತ್ತಿರಲಿಲ್ಲ.

ನಮ್ಮಲ್ಲಿ ಮರದ ವ್ಯಾಪಾರ ಉಪ್ಪನ ಕಾಲದಿಂದ ಇದೆ. ಕೆಲವು ವರ್ಷಗಳ ಹಿಂದೆ ಪಣಂಬೂರಿನಿಂದ ಸೇಲಂಗೆ ದಿಮ್ಮಿ ಹೇರಿದ ನನ್ನ ಲಾರಿ ಹೋಗಿತ್ತು. ಬದಿ ಹಲಗೆ ಇಲ್ಲದ ತೆರೆದ ಗಾಡಿ, ಎರಡು ಕಡೆ ಕಬ್ಬಿಣದ ಗೂಟ, ಮೇಲೆ ನೈಲಾನ್ ಹಗ್ಗ. ಮರುದಿನ ಸುಬ್‌ಹಿ ಹೊತ್ತಿಗೆ ಫೋನ್ ಬಂತು. ಧರ್ಮಪುರಿ ದಾಟಿ ತೊಪ್ಪೂರು ಘಾಟಿ ಇಳಿಯುವಾಗ ಎದುರಿನ ಗಾಡಿ ನಿಂತಿದೆ, ಡ್ರೈವರ್ ಬ್ರೇಕ್ ಒತ್ತಿದ್ದಾನೆ. ಲಾರಿ ನಿಂತಿತು, ಒಂದು ದಿಮ್ಮಿ ನಿಲ್ಲಲಿಲ್ಲ. ಅದು ಕ್ಯಾಬಿನ್ನಿನ ಹಿಂದಿನ ತಗಡು ಸೀಳಿ ಒಳಗೆ ಬಂತು. ಡ್ರೈವರಿನ ಕುತ್ತಿಗೆಗೂ ಅದಕ್ಕೂ ಒಂದು ಗೇಣು. ಕ್ಲೀನರ್ ನಮ್ಮ ಊರಿನದೇ ಹುಡುಗ, ಅವನ ಭುಜದ ಮೂಳೆ ಪುಡಿಯಾಯಿತು.

ನಾನು ಹೋಗುವಷ್ಟರಲ್ಲಿ ಹುಡುಗನನ್ನು ಸೇಲಂನ ಆಸ್ಪತ್ರೆಗೆ ಸೇರಿಸಿದ್ದರು. ಲಾರಿಯ ಹತ್ತಿರ ಚಹಾ ಅಂಗಡಿಯವನೊಬ್ಬ ನನ್ನೊಡನೆ ಕನ್ನಡದಲ್ಲೇ ಮಾತಾಡಿದ. ಧರ್ಮಪುರಿ ಕಡೆ ಮನೆಯಲ್ಲಿ ಕನ್ನಡ ಆಡುವವರು ಈಗಲೂ ಇದ್ದಾರೆ. ಸಡಿಲ ಬಿದ್ದ ಹಗ್ಗ ಎತ್ತಿ ತೋರಿಸಿ ‘ಇದು ಬಟ್ಟೆ ಒಣಗಿಸೋ ಹಗ್ಗ ಸ್ವಾಮಿ’ ಅಂದ. ಅದನ್ನು ಬಂದರಿನ ಅಂಗಡಿಯಿಂದ ಚೌಕಾಸಿ ಮಾಡಿ ತಂದವನು ನಾನು. ಕಾಗದದಲ್ಲಿ ಮಾತ್ರ ಡ್ರೈವರಿನ ಅಜಾಗರೂಕತೆ ಎಂದು ಬರೆಯಲಾಯಿತು. ನಾನು ಪಕ್ಕದಲ್ಲೇ ನಿಂತಿದ್ದೆ, ಏನೂ ಹೇಳಲಿಲ್ಲ.

ತೊಪ್ಪೂರು ಗೊತ್ತಿಲ್ಲದ ಲಾರಿಯವನಿಲ್ಲ. ಬೆಂಗಳೂರಿನಿಂದ ಸೇಲಂಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಲವೇ ಕಿಲೋಮೀಟರಿನ ಇಳಿಜಾರು. 2020ರ ಡಿಸೆಂಬರಿನಲ್ಲಿ ಸಿಮೆಂಟ್ ಹೇರಿದ ಲಾರಿ ಅಲ್ಲಿ ಸಾಲುಗಟ್ಟಿ ನಿಂತ ವಾಹನಗಳ ಮೇಲೆ ನುಗ್ಗಿ ನಾಲ್ವರು ಸತ್ತರು. 2024ರ ಜನವರಿ 24ರಂದು ಮತ್ತೆ ನಾಲ್ವರು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುತ್ತಾರೆ ಎಂದು ಎಲ್ಲರೂ ಡ್ರೈವರುಗಳನ್ನು ಬೈಯುತ್ತಾರೆ, ಬೈಯಬೇಕಾದದ್ದೇ. ಆದರೆ ಆ ಡೀಸೆಲ್ ಲೆಕ್ಕ ಕೇಳುವವರು ಯಾರು?

ದಿಮ್ಮಿ ಹೇಗೆ ಜಾರುತ್ತದೆ ಎಂದು ಆಮೇಲೆ ಕೂತು ಯೋಚಿಸಿದೆ. ಪಣಂಬೂರಿನಲ್ಲಿ ಹಗ್ಗ ಬಿಗಿಯಾಗಿಯೇ ಇತ್ತು. ಶಿರಾಡಿ ಘಾಟಿ ಹತ್ತುವಾಗ ದಿಮ್ಮಿಗಳು ಒಂದಿಷ್ಟು ಹಿಂದಕ್ಕೆ ಸರಿದು ಕೂರುತ್ತವೆ, ತೊಗಟೆ ಉದುರುತ್ತದೆ, ಅಟ್ಟಿ ಎರಡು ಬೆರಳು ತಗ್ಗುತ್ತದೆ. ಎರಡು ಬೆರಳು ತಗ್ಗಿದರೆ ಹಗ್ಗ ಇದ್ದೂ ಇಲ್ಲ. ನೈಲಾನ್ ತಾನೂ ಹಿಗ್ಗುತ್ತದೆ. ಅಷ್ಟಲ್ಲದೆ, ಮೇಲಿಂದ ಅಡ್ಡಕ್ಕೆ ಹಾಕಿದ ಹಗ್ಗ ಲೋಡನ್ನು ಕೆಳಗೆ ಒತ್ತುತ್ತದೆಯೇ ಹೊರತು ಮುಂದಕ್ಕೆ ಹೋಗುವುದನ್ನು ನೇರವಾಗಿ ತಡೆಯುವುದಿಲ್ಲ. ಅಟ್ಟಿಯ ನಡುವಿನ ದಿಮ್ಮಿಗೆ ಹಗ್ಗ ತಾಗುವುದೇ ಇಲ್ಲ. ಅದನ್ನು ಹಿಡಿದಿರುವುದು ಪಕ್ಕದ ದಿಮ್ಮಿಗಳ ಒತ್ತಡ ಮಾತ್ರ. ನಮ್ಮಲ್ಲಿ ಒಳಗೆ ಬಂದದ್ದು ಅಂಥದ್ದೇ ಒಂದು. ಟಾರ್ಪಾಲ್ ಹೊದಿಸಿದರೆ ಲೋಡ್ ಭದ್ರ ಎಂದುಕೊಳ್ಳುವವರೂ ಇದ್ದಾರೆ. ಟಾರ್ಪಾಲ್ ಮಳೆಗೆ.

ಅಮೆರಿಕದ ನಿಯಮದಲ್ಲಿ ಮುಂದಕ್ಕೆ ಜಾರದಂತೆ ತಡೆಯಲು ತೂಕದ 0.8 ಪಾಲಿನಷ್ಟು ಬಲ ತಾಳುವ ವ್ಯವಸ್ಥೆ ಇರಬೇಕು. 20 ಟನ್ ಮರಕ್ಕೆ ಅದು 16 ಟನ್. ನನ್ನ ಹಗ್ಗ? ಹೊರಟ ಮೊದಲ 50 ಮೈಲಿ, ಅಂದರೆ 80 ಕಿಲೋಮೀಟರಿನೊಳಗೆ ನಿಲ್ಲಿಸಿ ಲೋಡ್ ನೋಡಬೇಕೆಂದೂ ಅದರಲ್ಲಿದೆ. ಪಣಂಬೂರಿನಿಂದ ಎಣಿಸಿದರೆ ಅದು ನೆಲ್ಯಾಡಿಯ ಆಸುಪಾಸು, ಘಾಟಿ ಹತ್ತುವ ಮೊದಲು. ನಮ್ಮ ಲಾರಿಗಳು ಅಲ್ಲಿ ನಿಲ್ಲುವುದು ಚಹಾಕ್ಕೆ.

ನಮ್ಮ ಕಾನೂನು ಹೆಚ್ಚು ನೋಡುವುದು ತೂಕವನ್ನು. 2019ರ ತಿದ್ದುಪಡಿಯ ಬಳಿಕ ಓವರ್‌ಲೋಡಿಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ಹೊರಗೆ ಚಾಚಿದ ಲೋಡಿಗೂ 20,000 ದಂಡವಿದೆ. ಆದ್ದರಿಂದ ತೂಕದ ಚೀಟಿಯನ್ನು ಜೋಪಾನವಾಗಿಡುತ್ತೇವೆ. ಹಗ್ಗಕ್ಕೆ ಚೀಟಿ ಇಲ್ಲ, ಯಾರೂ ಎಳೆದು ನೋಡುವುದಿಲ್ಲ. ಹೇರುವ ಕೂಲಿಯವರಿಗೆ ಟನ್ ಲೆಕ್ಕದ ದುಡ್ಡು, ಕಟ್ಟುವುದಕ್ಕೆ ಕಾಸಿಲ್ಲ. ಪಾರ್ಟಿಗೆ ಮಾಲು ಬೇಗ ಬೇಕು. ಕೊನೆಗೆ ಕಟ್ಟುವವರು ಹಸಿದ ಡ್ರೈವರ್ ಮತ್ತು ಹದಿನೆಂಟು ದಾಟಿದ ಒಬ್ಬ ಹುಡುಗ, ಅದೂ ಕತ್ತಲಲ್ಲಿ.

ಅಪಘಾತ ಆದ ಮೇಲೆ ‘ಕದ್ರ್’ ಅನ್ನುತ್ತೇವೆ. ನನಗೂ ನಾಲ್ಕಾರು ಮಂದಿ ಹಾಗೇ ಸಮಾಧಾನ ಹೇಳಿದರು. ಮೊದಲು ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಎಂಬುದನ್ನು ಮದ್ರಸದಲ್ಲೇ ಕೇಳಿದವರು ನಾವು. ಆ ಸಮಾಧಾನವನ್ನು ನಾನು ತೆಗೆದುಕೊಳ್ಳಲಿಲ್ಲ. ಹಗ್ಗದ ಬೆಲೆ ನನಗೆ ನೆನಪಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಕಟ್ಟುವುದು ಡ್ರೈವರಿನ ಕೈಕೆಲಸ ಇರಬಹುದು, ಜವಾಬ್ದಾರಿ ಮಾಲಕನದು. ಸರಪಳಿ, ಬೈಂಡರ್, ಬೆಣೆ, ಕ್ಯಾಬಿನ್ ಹಿಂದೆ ಗಟ್ಟಿ ಕಬ್ಬಿಣದ ತಡೆ, ಇವೆಲ್ಲ ಟೈರಿನ ಹಾಗೆ ಲಾರಿಯ ಖರ್ಚು. ಕಟ್ಟುವ ಒಂದು ಗಂಟೆ, ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಬಿಗಿ ಮಾಡುವ ಅರ್ಧ ಗಂಟೆ ಬಾಡಿಗೆಯಲ್ಲಿ ಸೇರಬೇಕು. ಲಾರಿ ಇರುವ ನಮ್ಮ ಮನೆಗಳಲ್ಲಿ ಗಂಡಸರು ಕೂತು ಮಾತಾಡಬೇಕಾದ ಲೆಕ್ಕ ಇದು. ಹೆಂಗಸರು ಕೇಳಿದರೆ ಇನ್ನೂ ಬೇಗ ಆಗುತ್ತದೆ.

ನಾನು ಈಗ ಸರಪಳಿ ಹಾಕಿಸಿದ್ದೇನೆ. ನೆಲ್ಯಾಡಿಯಲ್ಲಿ ಒಮ್ಮೆ, ತೊಪ್ಪೂರಿನ ಟೋಲ್ ಗೇಟಿಗಿಂತ ಮೊದಲು ಒಮ್ಮೆ ನಿಲ್ಲಿಸಿ ಬಿಗಿ ಮಾಡಿ ಫೋಟೋ ಕಳಿಸಬೇಕು ಎಂದು ಡ್ರೈವರಿಗೆ ಹೇಳಿದ್ದೇನೆ. ಮೊನ್ನೆ ಒಬ್ಬ ಪಾರ್ಟಿ ತಡವಾಯಿತೆಂದು ಬಾಡಿಗೆಯಲ್ಲಿ ಕಡಿತ ಮಾಡಿದ. ಜಗಳ ಇನ್ನೂ ಮುಗಿದಿಲ್ಲ. ಆ ಹುಡುಗ ಈಗ ತನ್ನ ಮಾಮನ ಅಂಗಡಿಯಲ್ಲಿ ಕೂರುತ್ತಾನೆ, ಮೇಲಿನ ಕಪಾಟಿನಿಂದ ಏನಾದರೂ ತೆಗೆಯಬೇಕಾದರೆ ಎಡಗೈ ಬಳಸುತ್ತಾನೆ.