ಚೀಲದ ಮೇಲಿನ ಚಿತ್ರ, ಚಿತ್ರದ ಮೇಲಿನ ಬೆಲೆ



ಚಿತ್ರಕಾರನೊಬ್ಬ ಹೆಂಗಸರ ಕೈಚೀಲಕ್ಕೆ ಚಿತ್ತಾರ ಬರೆದುಕೊಟ್ಟರೆ ಕಲೆ ಕೆಟ್ಟುಹೋಗುತ್ತದೆಯೆ? ಇಲ್ಲ. ಹಾಗೆ ಬರೆದುಕೊಟ್ಟ ಮಾತ್ರಕ್ಕೆ ಕಲೆ ಜನಸಾಮಾನ್ಯರ ಮನೆಬಾಗಿಲಿಗೆ ಬಂದಂತಾಯಿತೆ? ಅದೂ ಇಲ್ಲ. ಮೊದಲನೆಯ ಮಾತನ್ನು ಮಡಿವಂತ ವಿಮರ್ಶಕರು ಒಪ್ಪುವುದಿಲ್ಲ. ಎರಡನೆಯದನ್ನು ವ್ಯಾಪಾರಿಗಳು ಒಪ್ಪುವುದಿಲ್ಲ. ಇಬ್ಬರೊಡನೆಯೂ ಜಗಳವಾಡುವುದೇ ಈ ಬರಹದ ಉದ್ದೇಶ.

ಇದಕ್ಕೆ ನಿಮಿತ್ತವಾದದ್ದು ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬನ ಪತ್ರ. "ಮೇಷ್ಟ್ರೇ, ಜಪಾನಿನ ತಕಾಶಿ ಮುರಕಾಮಿಯವರ ಒಂದು ಪ್ರಿಂಟ್ ಕೊಳ್ಳೋಣವೆಂದಿದ್ದೇನೆ. ಹತ್ತು ವರ್ಷದಲ್ಲಿ ಬೆಲೆ ಏರುತ್ತದೆಂದು ಸ್ನೇಹಿತರು ಹೇಳುತ್ತಾರೆ. ತಾವೇನು ಹೇಳುತ್ತೀರಿ?" ಎಂದು ಕೇಳಿದ್ದಾನೆ. ಪತ್ರ ಎರಡು ಪುಟವಿದೆ. ಆ ಚಿತ್ರದಲ್ಲಿ ಏನಿದೆ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ.

ಮುರಕಾಮಿ ಸಾಮಾನ್ಯ ಕಲಾವಿದರಲ್ಲ. 1962ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಅವರು, ಖನಿಜವರ್ಣಗಳನ್ನು ಅಂಟಿನಲ್ಲಿ ಕಲಸಿ ಬರೆಯುವ 'ನಿಹೊಂಗಾ' ಎಂಬ ಜಪಾನೀ ಸಂಪ್ರದಾಯದ ಚಿತ್ರಕಲೆಯಲ್ಲಿ ಡಾಕ್ಟರೇಟ್ ಪಡೆದವರು. 2000ದ ಹೊತ್ತಿಗೆ 'ಸೂಪರ್‌ಫ್ಲಾಟ್' ಎಂಬ ವಾದವನ್ನು ಮಂಡಿಸಿದರು. ಎಡೊ ಕಾಲದ ಚಿತ್ರಗಳಿಂದ ಇಂದಿನ ಮಾಂಗಾ, ಅನಿಮೆಗಳವರೆಗೆ ಜಪಾನೀ ದೃಷ್ಟಿ ಆಳವನ್ನಲ್ಲ, ಸಮತಲವನ್ನು ನೆಚ್ಚಿದೆ. ಹಾಗೆಯೇ ಅಲ್ಲಿ ಉಚ್ಚ ಕಲೆ, ಅಗ್ಗದ ಕಲೆ ಎಂಬ ಪಾಶ್ಚಾತ್ಯ ಭೇದವೂ ಹೊಂದುವುದಿಲ್ಲ ಎಂಬುದು ಅದರ ತಿರುಳು. ವಿಚಾರ ಮಾಡತಕ್ಕ ಮಾತು.

2003ರಲ್ಲಿ ಪ್ಯಾರಿಸ್ಸಿನ ಲೂಯಿ ವಿಟಾನ್ ಸಂಸ್ಥೆಗಾಗಿ, ಅದರ ಅಂದಿನ ವಿನ್ಯಾಸ ಮುಖ್ಯಸ್ಥ ಮಾರ್ಕ್ ಜೇಕಬ್ಸ್ ಅವರ ಆಹ್ವಾನದ ಮೇರೆಗೆ, ಮುರಕಾಮಿ ಮಾಡಿಕೊಟ್ಟ ಕೈಚೀಲಗಳು ಮಾರುಕಟ್ಟೆಗೆ ಬಂದವು. 1896ರಿಂದ ಕಂದು ಬಣ್ಣದಲ್ಲಿ ಗಂಭೀರವಾಗಿ ಕುಳಿತಿದ್ದ ಆ ಮನೆತನದ ಅಕ್ಷರಮುದ್ರೆ, ಬಿಳಿ ಮತ್ತು ಕಪ್ಪು ಹಿನ್ನೆಲೆಯ ಮೇಲೆ 33 ಬಣ್ಣಗಳಲ್ಲಿ ಕುಣಿಯತೊಡಗಿತು. ಆ ಬಹುವರ್ಣದ ಚೀಲಗಳ ತಯಾರಿಕೆ 2015ರಲ್ಲಿ ನಿಂತಿತು. 2025ರ ಜನವರಿಯಲ್ಲಿ ಅದೇ ವಿನ್ಯಾಸಗಳನ್ನು ಸಂಸ್ಥೆ ಮತ್ತೆ ಹೊರತಂದಿತು.

ಮೊದಲು ಮಡಿವಂತರಿಗೆ ಉತ್ತರ ಹೇಳುತ್ತೇನೆ. ಚಿತ್ರಕಾರ ಉಡುಪಿಗೆ ಕೈಹಾಕುವುದು ಅಪಚಾರವೆಂದು ಹೇಳುವವರು ಜಪಾನಿನ ಚರಿತ್ರೆಯನ್ನು ಓದಿಲ್ಲ. ಒಗಾಟಾ ಕೋರಿನ್ (1658–1716) ಆ ದೇಶದ ಮಹಾನ್ ಚಿತ್ರಕಾರರಲ್ಲಿ ಒಬ್ಬ; ಕ್ಯೋಟೋದ ಜವಳಿ ವ್ಯಾಪಾರಿಯ ಮಗ. ಎಡೊ ನಗರದ ಮರದ ವ್ಯಾಪಾರಿಯೊಬ್ಬನ ಹೆಂಡತಿಗಾಗಿ ಆತ ಬಿಳಿಯ ರೇಷ್ಮೆಯ ನಿಲುವಂಗಿಯೊಂದರ ಮೇಲೆ ಶರತ್ಕಾಲದ ಹೂಗಳನ್ನು ತನ್ನ ಕೈಯಾರೆ ಬರೆದ. ಆ ನಿಲುವಂಗಿ ಇಂದು ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಯುರೋಪಿನಲ್ಲಿಯೂ 1937ರಲ್ಲಿ ಸಾಲ್ವಡಾರ್ ಡಾಲಿಯವರು ಸ್ಕಿಯಾಪರೆಲ್ಲಿಯವರ ಉಡುಪಿಗೆ ಕೆಂಪು ಸಮುದ್ರ ಸೀಗಡಿಯ ಚಿತ್ರ ಬರೆದುಕೊಟ್ಟರು. ಬಟ್ಟೆ ಎಂದಿಗೂ ಕಲೆಯ ಶತ್ರುವಾಗಿರಲಿಲ್ಲ.

ಇನ್ನು ವ್ಯಾಪಾರಿಗಳ ವಾದ. "ಗ್ಯಾಲರಿಯ ಗೋಡೆಯಿಂದ ಕಲೆಯನ್ನು ಬೀದಿಗೆ ತಂದೆವು, ಎಲ್ಲರಿಗೂ ಮುಟ್ಟಿಸಿದೆವು" ಎನ್ನುತ್ತಾರೆ. ಯಾವ ಎಲ್ಲರಿಗೆ? ದುಡಿದು ಉಣ್ಣುವ ಸಂಸಾರ ಕನಸಿನಲ್ಲಿಯೂ ಕೊಳ್ಳಲಾಗದ ಚೀಲವದು. ಅದರ ಚಿತ್ತಾರ ನಿಜವಾಗಿ ಬೀದಿಯ ಜನರಿಗೆ ಮುಟ್ಟಿದ್ದು ನಕಲಿ ಚೀಲಗಳ ಮೂಲಕ! ಪಾದಚಾರಿ ಮಾರ್ಗದ ಮೇಲೆ ಚಾದರ ಹಾಸಿ ಮಾರುವ ಬಡ ವ್ಯಾಪಾರಿಯೇ ಇಲ್ಲಿ ಕಲೆಯನ್ನು ಹಂಚಿದವನು. ಪೊಲೀಸರು ಹಿಡಿಯುವುದೂ ಅವನನ್ನೇ. 2008ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿ ಮುರಕಾಮಿಯವರ ಪ್ರದರ್ಶನ ಆರಂಭವಾದಾಗ, ಸಂಸ್ಥೆಯವರು ಹೊರಗೆ ಥೇಟ್ ಆ ನಕಲಿ ಮಾಲಿನವರ ಗಾಡಿಯಂಗಡಿಗಳಂತೆಯೇ ಅಂಗಡಿ ಹೂಡಿ ಅಸಲಿ ಚೀಲಗಳನ್ನು ಮಾರಿದರು. ಆಹ್ವಾನಿತರು ನಕ್ಕಿರಬೇಕು. ನನಗೆ ನಗು ಬರುವುದಿಲ್ಲ. ಬಡವನ ಅಂಗಡಿಯನ್ನು ಮುಚ್ಚಿಸುವವರೇ ಅದರ ವೇಷ ತೊಟ್ಟು ಶ್ರೀಮಂತರನ್ನು ರಂಜಿಸುವುದು ಯಾವ ಬಗೆಯ ಹಾಸ್ಯ?

ಅದಕ್ಕಿಂತ ಗಂಭೀರವಾದ ಸಂಗತಿ ಆ ಪ್ರದರ್ಶನದ ಒಳಗಿತ್ತು. 2007ರ ಕೊನೆಯಲ್ಲಿ ಲಾಸ್ ಏಂಜಲಿಸ್‌ನ ಸಮಕಾಲೀನ ಕಲಾ ಸಂಗ್ರಹಾಲಯದಲ್ಲಿ ಇದೇ ಪ್ರದರ್ಶನ ಮೊದಲು ನಡೆದಾಗ, ಚಿತ್ರಗಳ ನಡುವೆಯೇ ಲೂಯಿ ವಿಟಾನ್‌ನ ಒಂದು ಅಂಗಡಿಯನ್ನು ತೆರೆಯಲಾಗಿತ್ತು. ಹೊರಗಿನ ಮೊಗಸಾಲೆಯಲ್ಲಲ್ಲ, ಪ್ರದರ್ಶನದ ಮಧ್ಯದಲ್ಲಿ! ಅಂಗಡಿಯೂ ಪ್ರದರ್ಶನದ ಅಂಗವೇ ಎಂಬುದು ಸಂಘಟಕರ ಸಮರ್ಥನೆ. ಈ ಸಮರ್ಥನೆಯನ್ನು ನಾನು ಖಂಡಿಸುತ್ತೇನೆ. ಸಂಗ್ರಹಾಲಯವೆಂದರೆ ಸಮಾಜ ತನ್ನ ಪರವಾಗಿ ನೇಮಿಸಿಕೊಂಡ ಪರೀಕ್ಷಕ ಇದ್ದಂತೆ. "ಇದು ನೋಡತಕ್ಕದ್ದು" ಎಂದು ಅದು ಹೇಳಿದಾಗ ನಾವು ನಂಬುತ್ತೇವೆ. ಪರೀಕ್ಷಾ ಕೊಠಡಿಯಲ್ಲಿಯೇ ಗೈಡು ಮಾರುವ ಅಂಗಡಿ ಇಟ್ಟರೆ ಅಂಕಪಟ್ಟಿಗೆ ಏನು ಬೆಲೆ ಉಳಿಯುತ್ತದೆ? ಶಿಕ್ಷಕ ವೃತ್ತಿಯಲ್ಲಿರುವ ನನ್ನ ಶಿಷ್ಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಅಂಗಡಿಯಿಂದಲೇ ಹುಟ್ಟಿದ ಒಂದು ವ್ಯಾಜ್ಯವನ್ನು ಕೇಳಿ. ಅಲ್ಲಿ ಮುರಕಾಮಿಯವರ ಸೀಮಿತ ಸಂಖ್ಯೆಯ ಪ್ರಿಂಟುಗಳನ್ನು ಕೊಂಡ ಗಿರಾಕಿಯೊಬ್ಬರು 2008ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋದರು. ಕಾನೂನು ವಿಧಿಸಿದ ಪ್ರಮಾಣಪತ್ರವನ್ನು ಸರಿಯಾಗಿ ಕೊಟ್ಟಿಲ್ಲ, ಚೀಲ ಹೊಲಿಯುವ ಬಟ್ಟೆಯನ್ನೇ ಕತ್ತರಿಸಿ ಚೌಕಟ್ಟಿಗೆ ಬಿಗಿದು ಕಲಾಕೃತಿಯೆಂದು ಮಾರಿದ್ದಾರೆ ಎಂಬುದು ಅವರ ಆರೋಪ. ಗಿರಾಕಿಗೆ ನಿಜ ಹೇಳಬೇಕಾದದ್ದು ಅಂಗಡಿಯ ಧರ್ಮ. ಅದರಲ್ಲಿ ಎರಡು ಮಾತಿಲ್ಲ. ಆದರೆ ಯೋಚಿಸಿ ನೋಡಿ. ಕೊಂಡ ದಿನ ಕಂಡ ಬಣ್ಣಗಳು ದಾವೆ ಹೂಡಿದ ದಿನವೂ ಅವೇ ಆಗಿದ್ದವು. ಬದಲಾದದ್ದು, ಅದು ಚೀಲದ ಬಟ್ಟೆ ಎಂಬ ತಿಳಿವಳಿಕೆ ಮಾತ್ರ. ಉಚ್ಚ–ಅಗ್ಗಗಳ ನಡುವಣ ಗೆರೆಯನ್ನು ಅಳಿಸಿದ್ದೇವೆ ಎಂದು ಸಾರಿದವರ ಅಂಗಡಿಯಲ್ಲಿಯೇ ಆ ಗೆರೆ ಅಷ್ಟು ದಪ್ಪವಾಗಿ ಎದ್ದುನಿಂತಿತು! ಗೆರೆ ಅಳಿದಿರಲಿಲ್ಲ; ಬೆಲೆಚೀಟಿಯ ಹಿಂದೆ ಅಡಗಿ ಕುಳಿತಿತ್ತು, ಅಷ್ಟೆ.

ಅದೇ 2008ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸೋದಬಿ ಹರಾಜಿನಲ್ಲಿ ಮುರಕಾಮಿಯವರ ಒಂದು ಶಿಲ್ಪ ಸುಮಾರು 1.5 ಕೋಟಿ ಡಾಲರಿಗೆ ಹೋಯಿತು. ಅದರ ವರ್ಣನೆ ಈ ಪುಟಕ್ಕೆ ತಕ್ಕದ್ದಲ್ಲ, ಬಿಡಿ. ನಾಲ್ಕು ತಿಂಗಳಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕು ಕುಸಿದುಬಿತ್ತು. ಕಲೆಯ ಪೇಟೆಯೂ ಅದರ ಹಿಂದೆಯೇ ಇಳಿಯಿತು. ಕೃತಿಗಳು ಒಂದಿಷ್ಟೂ ಬದಲಾಗಿರಲಿಲ್ಲ. ಹೀಗೆ ಬ್ಯಾಂಕಿನೊಡನೆ ಏರಿ, ಬ್ಯಾಂಕಿನೊಡನೆ ಇಳಿಯುವ ಅಂಕಿಯನ್ನು ಕಲೆಯ ಯೋಗ್ಯತೆಯ ಅಳತೆಗೋಲೆಂದು ಹೇಗೆ ಒಪ್ಪಲಿ?

ಮುರಕಾಮಿಯವರಿಗೆ ಸಲ್ಲಬೇಕಾದ ಒಂದು ಮೆಚ್ಚುಗೆಯ ಮಾತನ್ನು ಇಲ್ಲಿ ಹೇಳಲೇಬೇಕು. ಅವರ 'ಕೈಕೈ ಕಿಕಿ' ಕಂಪನಿಯ ಕಾರ್ಯಾಗಾರದಲ್ಲಿ ಅನೇಕ ಸಹಾಯಕರು ಸೇರಿ ಚಿತ್ರ ಸಿದ್ಧಪಡಿಸುತ್ತಾರೆ. ಕ್ಯಾನ್ವಾಸಿನ ಹಿಂಬದಿಯಲ್ಲಿ ಆ ಸಹಾಯಕರ ಹೆಸರುಗಳನ್ನು ಬರೆಸುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದಾರೆ. ದೊಡ್ಡ ಗುಣವಿದು. ಆದರೆ ಚೀಲವನ್ನು ಹೊಲಿದವರ ಹೆಸರು ಎಲ್ಲಿದೆ? ಮಾಲೀಕರ ಮನೆತನದ ಎರಡಕ್ಷರ ಮಾತ್ರ ಮೈತುಂಬ ನೂರಾರು ಸಲ ಅಚ್ಚಾಗಿದೆ. ಕಲಾವಿದ ತನ್ನ ಮನೆಯಲ್ಲಿ ಪಾಲಿಸಿದ ನ್ಯಾಯವನ್ನು ವ್ಯಾಪಾರಿಯ ಮನೆಗೆ ಕೊಂಡೊಯ್ಯಲಾಗಲಿಲ್ಲ. ಇಂಥ ಸಹಯೋಗದಲ್ಲಿ ಯಾರು ಯಾರನ್ನು ಬದಲಿಸುತ್ತಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸಂಗ್ರಾಹಕರೆಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ. '727' ಎಂಬ ಮುರಕಾಮಿಯವರ 1996ರ ಕೃತಿಯೊಂದಿದೆ. ಮೂರು ಫಲಕಗಳ ದೊಡ್ಡ ಚಿತ್ರ. ಬಣ್ಣವನ್ನು ಪದರಪದರವಾಗಿ ಹಚ್ಚಿ, ಮತ್ತೆ ಉಜ್ಜಿ ತೆಗೆದ ಹಿನ್ನೆಲೆಯ ಮೇಲೆ, ಹಲ್ಲು ಕಿರಿಯುವ ವಿಚಿತ್ರ ಪ್ರಾಣಿಯೊಂದು ಅಲೆಯೇರಿ ಬರುತ್ತದೆ. ಹಳೆಯ ಚಿತ್ರಸುರುಳಿ ಮತ್ತು ಇಂದಿನ ವ್ಯಂಗ್ಯಚಿತ್ರ ಎರಡೂ ಅದರಲ್ಲಿ ಜೀವಂತವಾಗಿವೆ. ಚೀಲಗಳು ಪೇಟೆಗೆ ಬಂದ ಅದೇ 2003ರಲ್ಲಿ ಸಂಗ್ರಾಹಕರೊಬ್ಬರು ಅದನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ಕಲೆಯನ್ನು ಎಲ್ಲರಿಗೂ ಮುಟ್ಟಿಸುವುದೆಂದರೆ ಇದು. ಇಂಥ ಸಂಗ್ರಾಹಕರಿಗೆ ಕೈಮುಗಿಯುತ್ತೇನೆ.

ಇಷ್ಟೆಲ್ಲ ದೂರದೇಶದ ಮಾತು ನಮಗೇಕೆ ಎನ್ನುವಿರಾ? ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ನೆನೆಸಿಕೊಳ್ಳಿ. ವಾರಕ್ಕೆ ಎರಡೇ ಪೀರಿಯಡ್ಡು. ಪರೀಕ್ಷೆ ಹತ್ತಿರವಾದರೆ ಅವನ್ನೂ ಗಣಿತಕ್ಕೆ ಬಿಟ್ಟುಕೊಡಬೇಕು. ಆದರೂ ಆ ಮಹನೀಯರು ಒಂದು ಅರಳಿ ಎಲೆಯನ್ನು ಮೇಜಿನ ಮೇಲಿಟ್ಟು, "ಪೆನ್ಸಿಲ್ ಮುಟ್ಟಬೇಡಿ, ಮೊದಲು ನೋಡಿ" ಎನ್ನುತ್ತಿದ್ದರು. ಆ ಎಲೆಗೆ ಬೆಲೆಯಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಅಂದು ನೋಡಲು ಕಲಿತ ಕಣ್ಣುಗಳು ಇಂದು ಚಿತ್ರವೊಂದರ ಮುಂದೆ ನಿಂತು ಅದರ ಹತ್ತು ವರ್ಷಗಳ ಬಡ್ಡಿಯನ್ನು ಲೆಕ್ಕ ಹಾಕುತ್ತಿವೆ ಎಂಬುದೇ ನನ್ನ ಸಂಕಟ.

ಆದ್ದರಿಂದ, ಪತ್ರ ಬರೆದ ಶಿಷ್ಯನಿಗೆ ನನ್ನ ಉತ್ತರ ಇಷ್ಟು: ಮಗು, ಹಣ ಬೆಳೆಸುವುದಾದರೆ ಬ್ಯಾಂಕಿಗೆ ಹೋಗು, ಅಲ್ಲಿ ಕಡೆಯಪಕ್ಷ ಬಡ್ಡಿಯ ದರವನ್ನು ಬರೆದು ಕೊಡುತ್ತಾರೆ. ಚಿತ್ರ ಬೇಕೆನಿಸಿದರೆ, ಬೆಲೆ ನಾಳೆಯೇ ಅರ್ಧಕ್ಕೆ ಇಳಿದರೂ ಗೋಡೆಯಿಂದ ಇಳಿಸಲು ಮನಸ್ಸಾಗದಂಥದ್ದನ್ನು ಕೊಳ್ಳು. ಅದು ಮುರಕಾಮಿಯವರದೇ ಆದರೂ ನನ್ನ ಅಭ್ಯಂತರವಿಲ್ಲ.

ಉಳಿದವರು ನನ್ನೊಡನೆ ಧಾರಾಳವಾಗಿ ವಾದಕ್ಕೆ ಬನ್ನಿ. ನಿಮ್ಮ ಮನೆಯ ಗೋಡೆಯ ಮೇಲಿರುವ ಒಂದು ಚಿತ್ರದಲ್ಲಿ ಏನೇನಿದೆ ಎಂಬುದನ್ನು, ಅದರ ಬೆಲೆ ಹೇಳದೆ, ಹತ್ತು ಸಾಲು ಬರೆದು ಕಳಿಸಿದರೆ ಇನ್ನೂ ಸಂತೋಷ.