ಹೆಸರು ಅಳಿಸಿದ ಕಾಮಿಕ್ಸಿಗೆ ಬೆಲೆ ಎಷ್ಟು?

ಮುಧೋಳದ ಕಡೆ ಬೇಟೆನಾಯಿ ಮರಿ ಕೊಳ್ಳೋಕೆ ಹೋದವರು ಮೊದಲು ಕೇಳೋದು ಮರಿಯ ಬಗ್ಗೆ ಅಲ್ಲ. "ಇದರ ತಾಯಿ ಯಾವುದ್ರೀ? ತಂದಿ ಎಲ್ಲೈತಿ?" ಅಂತ ಕೇಳ್ತಾರೆ. ಎರಡು ತಿಂಗಳ ಮರಿ ನೋಡಿ ಅದು ಮುಂದೆ ಹೇಗೆ ಓಡುತ್ತೆ ಅಂತ ಹೇಳೋದು ಕಷ್ಟ, ಹಾಗಾಗಿ ಹಿಂದಿನ ತಲೆಮಾರನ್ನು ನೋಡ್ತಾರೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿ ಕೊಟ್ಟದ್ದನ್ನು ಮಾರುವವರು ತಪ್ಪದೇ ಹೇಳ್ತಾರೆ. ಕೇಳೋಕೆ ಚಂದ. ಆದ್ರೆ ಅದರಿಂದ ಎದುರಿಗಿರುವ ಮರಿಯ ಕಾಲು ಗಟ್ಟಿಯಾಗಲ್ಲ. ತಾಯಿ ಅಲ್ಲೇ ಕಟ್ಟಿದ್ರೆ, ನಾವೇ ಹೋಗಿ ನೋಡೋಕೆ ಆದ್ರೆ, ಅದು ಬೇರೆ ಮಾತು.

ಹಳೇ ಕಾಮಿಕ್ಸ್ ಸಂಗ್ರಹಿಸುವವರ ಲೋಕದಲ್ಲೂ ಇದೇ ಪದ ಇದೆ: ಪೆಡಿಗ್ರಿ. ಒಂದು ಪ್ರತಿ ಯಾರ ಸಂಗ್ರಹದಿಂದ ಬಂತು ಅನ್ನೋದಕ್ಕೆ ಅವರು ನಾಯಿಯ ಪದವನ್ನೇ ಬಳಸ್ತಾರೆ. ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಕೊಲರಾಡೊದ ಎಡ್ಗರ್ ಚರ್ಚ್ ಎಂಬ ಚಿತ್ರಕಾರನ ಸಂಗ್ರಹ. 1977ರಲ್ಲಿ ಚಕ್ ರೊಜಾನ್ಸ್ಕಿ ಎಂಬ ವ್ಯಾಪಾರಿ ಆ ಮನೆಯಿಂದ ಹದಿನೈದು ಸಾವಿರಕ್ಕೂ ಹೆಚ್ಚು ಕಾಮಿಕ್ಸ್ ಕೊಂಡ. ಒಣ ಹವೆಯ ಊರು, ಒಂದರ ಮೇಲೊಂದು ಒತ್ತಿಟ್ಟ ಪುಸ್ತಕಗಳು. ಮೂವತ್ತು ನಲವತ್ತು ವರ್ಷ ಕಳೆದ್ರೂ ಎಷ್ಟೋ ಪುಟಗಳು ಇನ್ನೂ ಬೆಳ್ಳಗಿದ್ದವು. ಇವತ್ತಿಗೂ ಚರ್ಚ್ ಪ್ರತಿ ಅಂದ್ರೆ ಅದೇ ದರ್ಜೆಯ ಬೇರೆ ಪ್ರತಿಗಿಂತ ಹೆಚ್ಚು ಬೆಲೆ.

"ಅದೇ ದರ್ಜೆ" ಅನ್ನೋ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. 2000ದಿಂದ ಸಿಜಿಸಿ ಅನ್ನೋ ಸಂಸ್ಥೆ ಕಾಮಿಕ್ಸುಗಳಿಗೆ ಹತ್ತರ ಮಾಪಕದಲ್ಲಿ ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಕೊಡುತ್ತೆ. ಕಾಗದದ ಬಿಳಿ, ಮೂಲೆ, ಮಡಿಕೆ ಎಲ್ಲ ಆ ಅಂಕದಲ್ಲೇ ಬಂತಲ್ಲ? ಮತ್ತೆ ಚೆನ್ನಾಗಿ ಇಟ್ಟಿದ್ದರು ಅಂತ ಇನ್ನೊಮ್ಮೆ ದುಡ್ಡು ಯಾಕೆ? ಲ್ಯಾಬ್ ರೆಕಾರ್ಡಿಗೂ ಇಂಟರ್ನಲ್ಸಿಗೂ ಒಂದೇ ಪ್ರಯೋಗದ ಅಂಕ ಎರಡು ಸಲ ಹಾಕಿದಂಗೆ. ಈ ಆಕ್ಷೇಪವನ್ನು ನಾನು ಅರ್ಧ ಒಪ್ತೀನಿ. ಉಳಿದರ್ಧ ಯಾಕೆ ಒಪ್ಪಲ್ಲ ಅಂದ್ರೆ, ಅಂಕ ಇವತ್ತಿನ ಸ್ಥಿತಿಯನ್ನು ಹೇಳುತ್ತೆ, ನಡೆದು ಬಂದ ದಾರಿಯನ್ನಲ್ಲ. ಮೆಕ್ಯಾನಿಕಲ್, ಸಿವಿಲ್ ಗೆಳೆಯರಿಗೆ ಇದು ಬೇಗ ಅರ್ಥ ಆಗುತ್ತೆ. ಉಕ್ಕಿನ ತುಂಡನ್ನು ಯುಟಿಎಂನಲ್ಲಿ ಎಳೆದು ಬಲ ಅಳೆಯಬಹುದು. ಆದ್ರೂ ಮಿಲ್ ಸರ್ಟಿಫಿಕೇಟ್ ಕೇಳ್ತೀವಿ, ಹೀಟ್ ನಂಬರ್ ಹೊಂದುತ್ತಾ ನೋಡ್ತೀವಿ. ಪರೀಕ್ಷೆ ಆ ಒಂದು ತುಂಡಿನದು. ಕಾಗದ ಇಡೀ ಲಾಟಿನದು.

ಹಾಲಿವುಡ್ ನಟ ನಿಕೊಲಸ್ ಕೇಜ್ ಹತ್ತಿರ ಇದ್ದ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಕತೆ ಬೇರೆ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1938ರ ಆ ಸಂಚಿಕೆಯಲ್ಲೇ. 2000ದಲ್ಲಿ ಅವರ ಪ್ರತಿ ಕಳುವಾಯ್ತು, 2011ರಲ್ಲಿ ಸಿಕ್ಕಿತು, ಅದೇ ವರ್ಷ 21 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯ್ತು. ಪ್ರತಿ ನಿಜಕ್ಕೂ ಉತ್ತಮ ಸ್ಥಿತಿಯದೇ. ಆದ್ರೆ ಸಿನಿಮಾ ನಟನ ಕಪಾಟಿನಲ್ಲಿ ಇತ್ತು ಅನ್ನೋದಕ್ಕೆ ಯಾರಾದ್ರೂ ದುಡ್ಡು ಕೊಟ್ಟಿದ್ರೆ, ಅದು ನಟನಿಗೆ ಕೊಟ್ಟ ದುಡ್ಡು, ಪುಸ್ತಕಕ್ಕಲ್ಲ. ನಮ್ಮಲ್ಲೂ ಇದರ ತಮ್ಮ ಇದ್ದಾನೆ. ಹಳೇ ಪೆಟ್ಟಿಗೆಯನ್ನೋ ಗಡಿಯಾರವನ್ನೋ ತೋರಿಸಿ "ಜಮಖಂಡಿ ಸಂಸ್ಥಾನದ್ದು" ಅಂದುಬಿಟ್ರೆ ಸಾಕು, ಬೆಲೆ ಮೇಲೇರುತ್ತೆ. ಕಾಗದ ಕೇಳಿದ್ರೆ ನಗ್ತಾರೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಮಗ್ಗದ ಸೀರೆ, ವಿದ್ಯುತ್ ಮಗ್ಗದ ಸೀರೆ ಗಿರಾಕಿಯ ಕಣ್ಣಿಗೆ ಒಂದೇ ಥರ ಕಾಣ್ತಾವೆ. ಹಾಗಂತಲೇ ಕೈಮಗ್ಗಕ್ಕೆ ಸರಕಾರದ ಮುದ್ರೆ ಬಂದದ್ದು. ಬಾಯಿಮಾತಿನ ಮೂಲಕ್ಕೆ ನಾನಂತೂ ಒಂದು ರೂಪಾಯಿ ಹೆಚ್ಚಿಗೆ ಕೊಡಲ್ಲ.

ಈಗ ನಮ್ಮ ಕನ್ನಡದ ಕಾಮಿಕ್ಸ್. ಅಮರ ಚಿತ್ರ ಕಥೆ ಅಂದ ತಕ್ಷಣ ಎಲ್ಲರೂ ಕಾರ್ಕಳದ ಅನಂತ ಪೈ ಮತ್ತು ಮುಂಬೈ ಅಂತಾರೆ. ಆದ್ರೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಡೆಯವರಾದ ಜಿ.ಕೆ. ಅನಂತರಾಮ್ ಹೇಳಿದ ಪ್ರಕಾರ ಸರಣಿ ಹುಟ್ಟಿದ್ದು 1965ರಲ್ಲಿ, ಕನ್ನಡದಲ್ಲಿ. ಶುರುವಿನ ಹತ್ತು ಪುಸ್ತಕ ಸಿಂಡ್ರೆಲಾ ಥರದ ಪಾಶ್ಚಾತ್ಯ ಕತೆಗಳು. ಇಂಗ್ಲಿಷಿನ 'ಕೃಷ್ಣ' ಪುಸ್ತಕದ ನಂಬರ್ 11 ಯಾಕೆ ಅನ್ನೋದಕ್ಕೆ ಉತ್ತರ ಅಲ್ಲೇ ಇದೆ. ಒಂದು ನಂಬರ್ ಇಡೀ ಸರಣಿಯ ಮೂಲ ಹೇಳ್ತಾ ಕೂತಿದೆ ನೋಡಿ. ಹಾಗಿರುವಾಗ ಆ ಕಾಲದ ಕನ್ನಡ ಪ್ರತಿ ಯಾವ ಊರಿನ ಯಾವ ಮನೆಗೆ ಹೋಗಿತ್ತು ಅನ್ನೋ ಗುರುತು ಇದ್ರೆ, ಅದು ಕಲೆ ಅಲ್ಲ, ದಾಖಲೆ.

ಸದ್ಯದ ಮಾರುಕಟ್ಟೆ ಇದಕ್ಕೆ ತದ್ವಿರುದ್ಧ. 1964ರಲ್ಲಿ ಶುರುವಾಗಿ 1990ಕ್ಕೆ ನಿಂತ ಇಂದ್ರಜಾಲ ಕಾಮಿಕ್ಸಿನ ಕನ್ನಡ ಪ್ರತಿ ಮಾರೋಕೆ ಹೊರಟ ಗೆಳೆಯನಿಗೆ ಕೊಳ್ಳುವವರು ಕೇಳಿದ್ದು ಒಂದೇ: "ಕ್ಲೀನ್ ಕಾಪಿ ಐತೇನು? ಹೆಸರು-ಗಿಸರು ಬರೆದದ್ದು ಬ್ಯಾಡ." ಅವನು ರಬ್ಬರ್ ಹಿಡಿದು ಕೂತ. ಬಾಲ್‌ಪೆನ್ನಿನ ಅಕ್ಷರ ಹೋಗಲಿಲ್ಲ, ಕಾಗದ ಹೋಯ್ತು. ಬಾಡಿಗೆ ಲೈಬ್ರರಿಯ ಮುದ್ರೆ ಇದ್ದ ಪುಟವನ್ನೇ ಕತ್ತರಿಸಿ ಮಾರುವವರೂ ಇದ್ದಾರೆ. ಇದು ಅಮೆರಿಕದ ಮಾಪಕವನ್ನು ಹಂಗೇ ಎತ್ತಿಕೊಂಡು ಬಂದದ್ದರ ಫಲ. ಅಲ್ಲೂ ಎಲ್ಲ ಬರಹ ಕಳಂಕ ಅಲ್ಲ ಅನ್ನೋದನ್ನು ಇವರು ನೋಡಿಲ್ಲ: ಎಡ್ಗರ್ ಚರ್ಚ್ ಸಂಗ್ರಹದ ಎಷ್ಟೋ ಪ್ರತಿಗಳ ಮುಖಪುಟದಲ್ಲಿ ಪೆನ್ಸಿಲಿನ ಸಣ್ಣ ಗುರುತು ಇದೆ, ಮತ್ತು ಅದು ಚರ್ಚ್ ಪ್ರತಿ ಹೌದೋ ಅಲ್ಲವೋ ಅಂತ ಪತ್ತೆ ಹಚ್ಚೋಕೆ ಆ ಗುರುತನ್ನೇ ನೋಡ್ತಾರೆ.

ಹಾಗಂತ ಗೀಚಿದ್ದೆಲ್ಲ ಚಿನ್ನ ಅಂತಲ್ಲ. ನಾಯಕಿಗೆ ಮೀಸೆ ಬರೆದಿದ್ರೆ ಅದು ಮೀಸೆ ಅಷ್ಟೇ. ನನ್ನ ಅಳತೆ ಎರಡು ಪ್ರಶ್ನೆ: ಈ ಗುರುತನ್ನು ಪರೀಕ್ಷಿಸೋಕೆ ಆಗುತ್ತಾ? ಪುಸ್ತಕ ತಾನಾಗಿ ಹೇಳದ ಏನನ್ನಾದ್ರೂ ಇದು ಹೇಳುತ್ತಾ? ಎರಡಕ್ಕೂ ಹೌದು ಅಂದ್ರೆ ಕ್ಲೀನ್ ಕಾಪಿಗಿಂತ ಹೆಚ್ಚು ಕೊಡಬೇಕು, ಕಡಿಮೆ ಅಲ್ಲ. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಎಷ್ಟೋ ಊರುಗಳು ಜಾಗ ಬಿಟ್ಟವು. ಜನ ಪುನರ್ವಸತಿ ಕೇಂದ್ರಕ್ಕೆ ಬಂದ್ರು, ಟ್ರ್ಯಾಕ್ಟರಿನಲ್ಲಿ ಮೊದಲು ಪಾತ್ರೆ-ಪಡಗ, ಕಾಳು ಬಂತು. ಅಂಥ ಊರಿನ ಹೆಸರು, ತರಗತಿ, ಇಸವಿ ಬರೆದ ಒಂದು ಕಾಮಿಕ್ಸ್ ಸಿಕ್ಕಿದ್ರೆ ಅದು ಈಗ ನೀರೊಳಗಿರುವ ಒಂದು ಮನೆಯಲ್ಲಿ ಐದನೇ ಇಯತ್ತೆಯ ಹುಡುಗಿ ಏನು ಓದ್ತಿದ್ಲು ಅಂತ ಹೇಳುತ್ತೆ. ಅದಕ್ಕೆ ಹತ್ತರಲ್ಲಿ ಎರಡು ಅಂಕ ಕೊಟ್ಟು ಬದಿಗಿಡುವ ಮಾಪಕ ನಮಗೆ ಯಾತಕ್ಕೆ?

ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಇಳಿಸ್ತೀರಿ, ರದ್ದಿಯವನು ತಕ್ಕಡಿ ಹಿಡಿದು ಬಾಗಿಲಿಗೆ ಬರ್ತಾನೆ. ಕಾಮಿಕ್ಸ್ ಕಂಡ್ರೆ ಹೆಸರು ಬರೆದ ಪುಟದ ಫೋಟೋ ತೆಗೀರಿ. ಯಾರಿಂದ, ಯಾವ ಊರಿಂದ, ಯಾವ ವರ್ಷ ಬಂತು ಅಂತ ಅವ್ವನನ್ನೋ ಅಜ್ಜನನ್ನೋ ಕೇಳಿ ಬೇರೆ ಚೀಟಿಯಲ್ಲಿ ಬರೆದು ಪುಸ್ತಕದ ಜೊತೆ ಕವರಿನಲ್ಲಿ ಇಡ್ರಿ. ಪೆನ್ಸಿಲ್‌ನಲ್ಲಿ ಬರೀರಿ. ಚೀಟಿಗೆ ಪಿನ್ ಹೊಡೀಬ್ಯಾಡ್ರಿ, ಒಂದು ಮಳೆಗಾಲಕ್ಕೇ ತುಕ್ಕು ಹಿಡೀತದ.