ಸ್ಪ್ಯಾನಿಷ್ ನಾಡಿಗೆ ಇಂಗ್ಲಿಷಿನ ಸುತ್ತುದಾರಿ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಸುವುದಕ್ಕೆಂದೇ ಒಂದು ಕೋಣೆ ಸಿದ್ಧವಾಯಿತು. ಗೋಡೆಯ ತುಂಬ ಸ್ಮಾರ್ಟ್ ಬೋರ್ಡು, ಮೂವತ್ತು ಮೇಜುಗಳ ಮೇಲೆ ಮೂವತ್ತು ಕಂಪ್ಯೂಟರು, ಒಂದೊಂದಕ್ಕೂ ಒಂದು ಹೆಡ್‌ಫೋನು. ಟೇಪು ಕತ್ತರಿಸಿದ್ದಾಯಿತು, ಭಾಷಣಗಳಾದುವು, ಬಾದಾಮಿ ಹಾಲು ಹಂಚಿದರು. ನಾನೂ ಕುಡಿದೆ, ಸಂತೋಷದಿಂದ ಕುಡಿದೆನೆಂದರೆ ಸುಳ್ಳಾದೀತು. ಎರಡನೆಯ ಭಾಷೆಯಾಗಿ ಕನ್ನಡ ತೆಗೆದುಕೊಳ್ಳುತ್ತಿದ್ದ ಹುಡುಗರಲ್ಲಿ ಹಲವರು ಆ ಕೋಣೆಗೆ ಹೊರಟುಹೋಗಿದ್ದರು. ಕನ್ನಡ ಪಾಠ ನಡೆಯುವ ನನ್ನ ಕೋಣೆಯಲ್ಲಿಯೋ, ಫ್ಯಾನು ತಿರುಗಿದರೆ ಅದೇ ದೊಡ್ಡ ತಂತ್ರಜ್ಞಾನ.

ಹೊಟ್ಟೆಕಿಚ್ಚಿನಿಂದಲೇ ಒಂದು ದಿನ ಆ ತರಗತಿಯ ಹಿಂದಿನ ಸಾಲಿನಲ್ಲಿ ಹೋಗಿ ಕುಳಿತೆ. ತಪ್ಪು ಹುಡುಕುವ ಉದ್ದೇಶ. ಒಂದು ದಿನ ಒಂದು ವಾರವಾಯಿತು, ವಾರ ಹೋಗಿ ವರ್ಷವಾಯಿತು. ಈಗ ಸ್ಪ್ಯಾನಿಷ್ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಇಳಿದಿದೆ. ಅದಕ್ಕೆ ಬದಲು ಅದನ್ನು ಕಲಿಸುತ್ತಿರುವ ರೀತಿಯ ಮೇಲೆ ಹೊಸ ಸಿಟ್ಟು ಹುಟ್ಟಿದೆ. ಸುಮಾರು ೨೦ ದೇಶಗಳಲ್ಲಿ ಸುಮಾರು ೫೦ ಕೋಟಿ ಜನ ತಾಯ್ನುಡಿಯಾಗಿ ಆಡುವ ಒಂದು ಭಾಷೆ ಕನ್ನಡದ ಹುಡುಗನಿಗೆ ಎಷ್ಟು ಹತ್ತಿರದ್ದೆಂಬುದನ್ನು ಕಂಡೆ. ನಾವು ಕೊಂಡು ತಂದ ಯಂತ್ರ ಅದನ್ನು ಎಷ್ಟು ದೂರ ತಳ್ಳುತ್ತಿದೆಯೆಂಬುದನ್ನೂ ಕಂಡೆ. ಯಂತ್ರದಲ್ಲಿರುವ ಪಾಠಗಳೆಲ್ಲ ಇಂಗ್ಲಿಷ್ ಮಾತೃಭಾಷೆಯಾಗಿರುವವರಿಗಾಗಿ ಮಾಡಿದುವು. ನಮ್ಮ ಹುಡುಗ ಅವುಗಳ ಮುಂದೆ ಕುಳಿತಾಗ ಮೊದಲು ಇಂಗ್ಲಿಷರ ಹುಡುಗನಾಗಬೇಕು, ಆಮೇಲೆ ಸ್ಪ್ಯಾನಿಷ್ ಕಲಿಯಬೇಕು.

ಒಂದು ಪ್ರಸಂಗ ಹೇಳುತ್ತೇನೆ. ಕೊಲಂಬಿಯ ದೇಶದ ಬೊಗೊಟಾ ನಗರದ ವೃದ್ಧೆಯೊಬ್ಬರು ಪರಿಚಯದವರ ಮನೆಗೆ ಅತಿಥಿಯಾಗಿ ಬಂದಿದ್ದವರು ನಮ್ಮ ಕಾಲೇಜಿಗೂ ಬಂದರು. ಯಂತ್ರದ ಪರೀಕ್ಷೆಗಳಲ್ಲೆಲ್ಲ ಮೊದಲ ಅಂಕ ತೆಗೆಯುವ ಹುಡುಗಿ ಎದ್ದುನಿಂತು ಸ್ಪಷ್ಟವಾಗಿ 'ಕೋಮೊ ಎಸ್ತಾಸ್?' ಎಂದು ಕೇಳಿದಳು. ಆಕೆ ನಕ್ಕು ಉತ್ತರಿಸಿದರು. ಆದರೆ ಹುಡುಗಿಯನ್ನು ತಿರುಗಿ ಕೇಳುವಾಗ 'ಉಸ್ತೆದ್' ಎಂದರು. ಸ್ಪ್ಯಾನಿಷಿನಲ್ಲಿ 'ತೂ' ಎಂದರೆ ನೀನು, 'ಉಸ್ತೆದ್' ಎಂದರೆ ತಾವು. ಹುಡುಗಿ ಕೇಳಿದ್ದು 'ಹೇಗಿದ್ದೀಯೆ?' ಎಂದು. ಬೊಗೊಟಾದಲ್ಲಿ ಮನೆಯವರನ್ನೇ ಎಷ್ಟೋ ವೇಳೆ ಬಹುವಚನದಲ್ಲಿ ಮಾತಾಡಿಸುವ ವಾಡಿಕೆಯುಂಟು. ಆಮೇಲೆ ಇದನ್ನು ತಿಳಿಸಿದಾಗ ಆ ಮಗುವಿನ ಮುಖ ಸಪ್ಪಗಾಯಿತು. "ಅವರನ್ನ ಏಕವಚನದಲ್ಲಿ ಮಾತಾಡಿಸಿಬಿಟ್ಟೆನಾ ಸಾರ್?" ಎಂದಳು.

ಈ ತಪ್ಪು ಯಾರದು? ಕನ್ನಡದಲ್ಲಿ ಅವಳು ಎಂದಾದರೂ ಗುರುತಿಲ್ಲದ ಹಿರಿಯರನ್ನು ನೀನು ಎಂದಾಳೆಯೆ? ಆ ವಿವೇಕವನ್ನು ತಾಯಿ ಅವಳಿಗೆ ಮೂರು ವರ್ಷದಲ್ಲಿಯೇ ಕಲಿಸಿದ್ದಾಳೆ. ಇಂಗ್ಲಿಷಿನಲ್ಲಿ ದೊರೆಗೂ ಒಂದೇ ಸರ್ವನಾಮ, ನಾಯಿಗೂ ಒಂದೇ ಸರ್ವನಾಮ. ಯಂತ್ರ ಮೊದಲು ಅವಳನ್ನು ಆ ಇಕ್ಕಟ್ಟಾದ ಓಣಿಯಲ್ಲಿ ನುಗ್ಗಿಸಿ, ಇದ್ದ ವಿವೇಕವನ್ನು ಮರೆಯಿಸಿ, ಹತ್ತು ಪಾಠಗಳಾದ ಮೇಲೆ ಅದನ್ನೇ ಹೊಸ ನಿಯಮವೆಂದು ಮಾರುತ್ತದೆ. 'ಉಸ್ತೆದ್' ಎಂಬುದು 'ವುಎಸ್ತ್ರಾ ಮೆರ್ಸೆದ್' ಎಂಬ ಹಳೆಯ ಗೌರವದ ಮಾತು ಸವೆದು ಆದ ರೂಪ. ಆದುದರಿಂದಲೇ ಅದರ ಕ್ರಿಯಾಪದ ಪ್ರಥಮ ಪುರುಷದಲ್ಲಿ, ಎಂದರೆ 'ಅವರು' ಎಂಬ ರೀತಿಯಲ್ಲಿ, ನಡೆಯುತ್ತದೆ. ಇಂಗ್ಲಿಷಿನವನಿಗೆ ಇದು ಒಗಟು. ಮಠದ ಸ್ವಾಮಿಗಳ ಎದುರಿನಲ್ಲಿಯೇ 'ಬುದ್ಧಿಯವರು ಯಾವಾಗ ದಯಮಾಡಿಸಿದರು?' ಎಂದು ಕೇಳುವ ನಮ್ಮವನಿಗೆ ಇದರಲ್ಲಿ ಒಗಟೇನಿದೆ?

ಇನ್ನೂ ನೋಡಿ. 'ಮೆ ಗುಸ್ತಾ' ಎಂಬ ಪ್ರಯೋಗಕ್ಕೆ ಯಂತ್ರ ಮೂರು ಪಾಠಗಳನ್ನು ಮೀಸಲಿಟ್ಟಿದೆ, ಬಾಣಗಳು, ಬಣ್ಣಗಳು, ಕುಣಿಯುವ ಚಿತ್ರಗಳ ಸಮೇತ. ಇಂಗ್ಲಿಷಿನವನು 'ನಾನು ಮೆಚ್ಚುತ್ತೇನೆ' ಎನ್ನುವಲ್ಲಿ ಸ್ಪ್ಯಾನಿಷಿನವನು 'ನನಗೆ ಇಷ್ಟ' ಎನ್ನುತ್ತಾನೆ, ಅಷ್ಟೆ. ಕನ್ನಡದಲ್ಲಿ ಒಂದೇ ಸಾಲು ಸಾಕು. ತಲೆನೋವಾದರೆ ಅವರೂ 'ನನಗೆ ತಲೆ ನೋಯುತ್ತದೆ' ಎನ್ನುವವರೇ. 'ಆಬ್ಲೊ' ಎಂದರೆ 'ಮಾತಾಡುತ್ತೇನೆ'. ನಾನು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕ್ರಿಯಾಪದದ ಬಾಲದಲ್ಲಿಯೇ ಕರ್ತೃ ಕುಳಿತಿದ್ದಾನೆ. ಸ್ವರಗಳು ಐದೇ: ನಮ್ಮ ಅ, ಎ, ಇ, ಒ, ಉ. ತಕಾರ ದಕಾರಗಳು ನಮ್ಮಂತೆಯೇ ಹಲ್ಲಿಗೆ ತಗಲುವಂಥವು; ಇಂಗ್ಲಿಷ್ ಅಕ್ಷರ ಕಂಡೊಡನೆ ನಮ್ಮ ಹುಡುಗರು ಅವನ್ನು ಟಕಾರ ಡಕಾರ ಮಾಡಿ ಕೆಡಿಸುತ್ತಾರೆ. 'ಪೆರೊ' ಎಂಬ ಶಬ್ದದಲ್ಲಿ ರಕಾರವನ್ನು ಮೆಲ್ಲನೆ ಆಡಿದರೆ 'ಆದರೆ' ಎಂದರ್ಥ, ನಾಲಗೆ ಕುಣಿಸಿ ಗಡುಸಾಗಿ ಆಡಿದರೆ 'ನಾಯಿ' ಎಂದರ್ಥ. ಹಳೆಗನ್ನಡ ಓದಿದವನಿಗೆ ರೇಫ, ಶಕಟರೇಫಗಳು ನೆನಪಾಗದೆ ಇರುವುದಿಲ್ಲ.

ಎಲ್ಲವೂ ನಮ್ಮದರಂತೆಯೇ ಇದೆಯೆಂದು ನಾನು ಹೇಳುತ್ತಿಲ್ಲ. ಅವರಿಗೆ ಹಸಿವು 'ಆಗುವುದಿಲ್ಲ'. ಅವರು ಹಸಿವನ್ನು 'ಹೊಂದಿರುತ್ತಾರೆ'. ಅವರ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಜೀವವಿಲ್ಲದುದನ್ನೆಲ್ಲ ನಪುಂಸಕಕ್ಕೆ ಸೇರಿಸಿ ನಿಶ್ಚಿಂತರಾಗಿರುವ ನಮಗೆ ಅದು ಕಷ್ಟವೇ. ಕನ್ನಡದವನು ಎಲ್ಲಿ ಎಡವುತ್ತಾನೆ, ಎಲ್ಲಿ ಓಡುತ್ತಾನೆ ಎಂಬುದನ್ನು ಅರಿತು ಪಾಠ ಮಾಡಬೇಕು. ಅದನ್ನು ಬಲ್ಲದ್ದು ಎದುರಿಗೆ ನಿಂತ ಉಪಾಧ್ಯಾಯನೇ ಹೊರತು ಬೇರೆಯವರಿಗಾಗಿ ತಯಾರಾದ ಯಂತ್ರವಲ್ಲ.

ಭಾಷೆಯ ಪಾಡು ಹೀಗಾದರೆ ಸಂಸ್ಕೃತಿಯ ಪಾಡು ಇನ್ನೂ ಕಷ್ಟ. 'ಸಂಸ್ಕೃತಿ' ಎಂಬ ಗುಂಡಿ ಒತ್ತಿದರೆ ಬೋರ್ಡಿನ ಮೇಲೆ ಬರುವುದು ಗೂಳಿ, ಗಿಟಾರು, ಅಗಲ ಅಂಚಿನ ಟೋಪಿ. ಗೂಳಿಕಾಳಗವೇ ಸ್ಪ್ಯಾನಿಷ್ ಜನರ ಪ್ರಾಣವೆಂದು ಹುಡುಗರು ಬರೆದುಕೊಳ್ಳುತ್ತಾರೆ. ಕ್ಯಾನರಿ ದ್ವೀಪಗಳು ೧೯೯೧ರಲ್ಲಿಯೇ ಅದನ್ನು ನಿಷೇಧಿಸಿದುವೆಂದೂ, ಕತಲೋನಿಯಾದ ಶಾಸನಸಭೆ ೨೦೧೦ರಲ್ಲಿ ನಿಷೇಧಿಸಿದ್ದನ್ನು ೨೦೧೬ರಲ್ಲಿ ಸಂವಿಧಾನ ನ್ಯಾಯಾಲಯ ಹೊಡೆದುಹಾಕಿತೆಂದೂ, ೨೦೨೪ರಲ್ಲಿ ಕೊಲಂಬಿಯದ ಸಂಸತ್ತು ಅದನ್ನು ನಿಲ್ಲಿಸುವ ಕಾಯಿದೆ ಮಾಡಿತೆಂದೂ ಯಂತ್ರ ಹೇಳುವುದಿಲ್ಲ. ಆ ಜನ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದಾರೆ. ಜೀವಂತ ಸಂಸ್ಕೃತಿಯ ಗುರುತೇ ಅದು. ಕಂಬಳದ ವಿಚಾರದಲ್ಲಿ ೨೦೧೭ರ ನಮ್ಮ ತಿದ್ದುಪಡಿ ಕಾಯಿದೆ, ೨೦೨೩ರ ಸುಪ್ರೀಂ ಕೋರ್ಟಿನ ತೀರ್ಪು, ಅದರ ಹಿಂದುಮುಂದಿನ ವಾದಗಳನ್ನೆಲ್ಲ ಕೇಳಿದ ದಕ್ಷಿಣ ಕನ್ನಡದ ಹುಡುಗನನ್ನು ಈ ಚರ್ಚೆಗೆ ಎಬ್ಬಿಸಿ ನಿಲ್ಲಿಸಿದರೆ ಅವನು ಸ್ಪ್ಯಾನಿಷಿನಲ್ಲಿ ತಡವರಿಸುತ್ತಲಾದರೂ ನಿಜವಾದ ಮಾತಾಡುತ್ತಾನೆ.

ಮೆಕ್ಸಿಕೊದ 'ಮೃತರ ದಿನ'ದ ಪಾಠವನ್ನು ನೋಡಿ ನನಗೆ ನಗು ಬಂತು, ಆಮೇಲೆ ವ್ಯಸನವಾಯಿತು. ಮೆಕ್ಸಿಕೊ ನಗರದ ಬೀದಿಯಲ್ಲಿ ಅಸ್ಥಿಪಂಜರದ ವೇಷಗಳ ಭಾರಿ ಮೆರವಣಿಗೆ ತೋರಿಸಿ ಇದು ಪುರಾತನ ಸಂಪ್ರದಾಯವೆಂದಿತು ಯಂತ್ರ. ಸಂಪ್ರದಾಯ ಪುರಾತನವೇ, ಆದರೆ ಆ ಮೆರವಣಿಗೆ ಹುಟ್ಟಿದ್ದು ೨೦೧೬ರಲ್ಲಿ. ಹಿಂದಿನ ವರ್ಷ ತೆರೆಕಂಡ ಜೇಮ್ಸ್ ಬಾಂಡ್ ಚಲನಚಿತ್ರದಲ್ಲಿ ಅಂಥದೊಂದು ಮೆರವಣಿಗೆಯನ್ನು ಕಲ್ಪಿಸಿದ್ದರು. ನಗರ ಅದನ್ನು ಅನುಕರಿಸಿತು. ನಿಜವಾದ ಹಬ್ಬವಿರುವುದು ಮನೆಯೊಳಗೆ, ಸ್ಮಶಾನದಲ್ಲಿ. ನವೆಂಬರ್ ೧ ಮತ್ತು ೨ರಂದು ಗತಿಸಿದವರ ಭಾವಚಿತ್ರವಿಟ್ಟು, ದೀಪ ಹಚ್ಚಿ, ಬದುಕಿದ್ದಾಗ ಅವರಿಗೆ ಪ್ರಿಯವಾಗಿದ್ದ ತಿಂಡಿತೀರ್ಥಗಳನ್ನು ಮುಂದಿಟ್ಟು, ದಾರಿ ತೋರಲೆಂದು ಚೆಂಡುಹೂವಿನ ದಳ ಚೆಲ್ಲುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆಯಿಡುವ ಮನೆಯಿಂದ ಬಂದ ಹುಡುಗನಿಗೆ ಇದನ್ನು ಹೇಳಲು ಯಾವ ಬಣ್ಣದ ಚಿತ್ರ ಬೇಕು? 'ನಿಮ್ಮ ಅಜ್ಜನಿಗೆ ಏನೇನು ಇಡುತ್ತೀರಿ?' ಎಂದು ಕೇಳಿದರೆ ತರಗತಿ ಬಾಯಿಬಿಡುತ್ತದೆ. ಆ ಚೆಂಡುಹೂವೂ ಮೆಕ್ಸಿಕೊ ಮೂಲದ್ದೇ, ಸಮುದ್ರ ದಾಟಿ ನಮ್ಮ ಹಿತ್ತಲಿಗೆ ಬಂದದ್ದು. ನಮ್ಮ ಸಪೋಟ ಹಣ್ಣಿನ ಹೆಸರೂ ಅಲ್ಲಿಯದೇ. ಹೀಗಿರುವಾಗ ಆ ನಾಡನ್ನು ಹಾಲಿವುಡ್ಡಿನ ಕನ್ನಡಕ ಹಾಕಿಕೊಂಡು ಏಕೆ ನೋಡಬೇಕು?

ಹಾಗಾದರೆ ಯಂತ್ರಗಳನ್ನೆಲ್ಲ ಕಿತ್ತೆಸೆಯಬೇಕೆ? ಹಾಗೆನ್ನುವ ಮಿತ್ರರು ನನಗಿದ್ದಾರೆ. ಅವರನ್ನು ಒಪ್ಪಲಾರೆ. ಸ್ಪ್ಯಾನಿಷ್ ನಾಡುಗಳೇ ಇದಕ್ಕೆ ಉತ್ತರ ಹೇಳಿವೆ. ೧೯೩೧ರಲ್ಲಿ ಸ್ಪೇನಿನ ಗಣರಾಜ್ಯ ಸರ್ಕಾರ 'ಬೋಧನ ತಂಡ'ಗಳನ್ನು ಹಳ್ಳಿಗಳಿಗೆ ಕಳಿಸಿತು. ಮಾನುಎಲ್ ಬಾರ್ತೊಲೊಮೆ ಕೊಸ್ಸಿಯೊ ಅದರ ಹಿರಿಯರು. ಸಿನಿಮಾ ಯಂತ್ರ, ಗ್ರಾಮಫೋನು, ಪುಸ್ತಕಗಳು, ಮ್ಯಾಡ್ರಿಡ್ಡಿನ ಪ್ರಾದೊ ಚಿತ್ರಶಾಲೆಯ ಮಹಾಚಿತ್ರಗಳ ಪ್ರತಿಗಳು ಹೇಸರಗತ್ತೆಗಳ ಮೇಲೇರಿ ಬೆಟ್ಟದ ಊರುಗಳಿಗೆ ಹೋದುವು. ಅಂತರ್ಯುದ್ಧ ೧೯೩೬ರಲ್ಲಿ ಆ ಸಾಹಸಕ್ಕೆ ಕೊಡಲಿಪೆಟ್ಟು ಹಾಕಿತು. ಗಮನಿಸಬೇಕಾದುದು ಇಷ್ಟು: ಯಂತ್ರದ ಜೊತೆಗೆ ಮನುಷ್ಯರು ಹೋದರು. ತರುಣರು ಚಿತ್ರದ ಪಕ್ಕದಲ್ಲಿ ನಿಂತು ಹಳ್ಳಿಗರೊಡನೆ ಮಾತಾಡಿದರು. ೧೯೬೮ರಲ್ಲಿ ಮೆಕ್ಸಿಕೊ ದೇಶ ಹಳ್ಳಿಯ ಮಕ್ಕಳಿಗೆ ಟೆಲಿವಿಷನ್ ಮೂಲಕ ಪ್ರೌಢಶಾಲೆಯ ಪಾಠ ಆರಂಭಿಸಿದಾಗಲೂ ತರಗತಿಯಲ್ಲಿ ಒಬ್ಬ ಉಪಾಧ್ಯಾಯನಿದ್ದ.

ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದ್ದು. ೧೯೫೭ರಲ್ಲಿ ರಷ್ಯದ ಸ್ಪುಟ್ನಿಕ್ ಹಾರಿದ ಗಾಬರಿಯಲ್ಲಿ ೧೯೫೮ರಲ್ಲಿ ಕಾನೂನು ಮಾಡಿ, ಶಾಲೆಗಳಿಗೆ ಹಣ ಸುರಿದು, ಊರೂರಿನಲ್ಲಿ ಭಾಷಾ ಪ್ರಯೋಗಾಲಯ ಕಟ್ಟಿದರು. ಮಕ್ಕಳು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಹೇಳಿದ್ದನ್ನೇ ಗಿಣಿಯಂತೆ ಹೇಳಿದರು. ಎಪ್ಪತ್ತರ ದಶಕದ ಹೊತ್ತಿಗೆ ಎಷ್ಟೋ ಪ್ರಯೋಗಾಲಯಗಳು ಧೂಳು ಹಿಡಿದಿದ್ದುವು. ನಮ್ಮ ಹೊಸ ಕೋಣೆ ಈ ಎರಡರಲ್ಲಿ ಯಾವುದರ ವಂಶದ್ದು?

'ಮೊಬೈಲೇ ತರ್ಜುಮೆ ಮಾಡಿಕೊಡುತ್ತದಲ್ಲ, ಭಾಷೆ ಕಲಿಯುವ ಕಷ್ಟವೇ ಏಕೆ?' ಎನ್ನುವವರೂ ಉಂಟು. ರೈಲಿನ ಚೀಟಿ ಕೊಳ್ಳಲು, ಔಷಧದ ಶೀಷೆಯ ಮೇಲಿನ ಸೂಚನೆ ಓದಲು ಅದು ನಿಜವಾಗಿಯೂ ಉಪಕಾರಿ. ಆದರೆ ಎದುರಿಗಿರುವವರು ನೀನೋ ತಾವೋ ಎಂಬುದನ್ನು ಕೊನೆಗೆ ತೀರ್ಮಾನಿಸಬೇಕಾದವನು ಮಾತಾಡುವವನೇ. ಬ್ವೇನೊಸ್ ಐರಿಸ್ಸಿನಲ್ಲಿ ಗೆಳೆಯನನ್ನು 'ತೂ' ಎನ್ನುವುದಿಲ್ಲ, 'ವೋಸ್' ಎನ್ನುತ್ತಾರೆ. ಸ್ಪೇನಿನಲ್ಲಿ ಹಿರಿಯರಿಗೂ ಸಲುಗೆಯಿಂದ 'ತೂ' ಎನ್ನುವುದು ಈಗ ಸಾಮಾನ್ಯ. ಸಲುಗೆಯನ್ನೂ ಮರ್ಯಾದೆಯನ್ನೂ ತರ್ಜುಮೆಯ ಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳಲಾಗದು.

ಯಂತ್ರದ ನಿಜವಾದ ಕೆಲಸ ಇಲ್ಲಿಯೇ ಇದೆ. ನಮ್ಮ ಉಪಾಧ್ಯಾಯನಿಗಿರುವುದು ಒಂದೇ ಕಂಠ. ಯಂತ್ರ ಲೀಮಾದ ಹಣ್ಣಿನ ವ್ಯಾಪಾರಿಯ ಕಂಠವನ್ನೂ ಹವಾನಾದ ಅಜ್ಜಿಯ ಕಂಠವನ್ನೂ ತಂದುಕೊಡಬಲ್ಲುದು. ೧೯೯೯ರಲ್ಲಿ ಅಲಿಕಾಂತೆ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಸೆರ್ವಾಂತೆಸ್ ಅಂತರ್ಜಾಲ ಗ್ರಂಥಾಲಯ ಸಾವಿರಾರು ಕೃತಿಗಳನ್ನು ಬಿಟ್ಟಿಯಾಗಿ ತೆರೆದಿಟ್ಟಿದೆ. ೧೬೦೫ರಲ್ಲಿ ಅಚ್ಚಾದ 'ದೋನ್ ಕಿಹೋತೆ'ಯ ಮೊದಲ ಮುದ್ರಣದ ಪುಟಗಳನ್ನು ಇಂದು ನಮ್ಮ ಬೋರ್ಡಿನ ಮೇಲೆ ಒಂದೊಂದಾಗಿ ತಿರುವಬಹುದು. ವರ್ಷವೆಲ್ಲ ಕುಳಿತೆನಲ್ಲ, ಒಂದು ದಿನವೂ ಯಾರೂ ತಿರುವಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ವಾರಕ್ಕೆರಡು ದಿನ ಬಂದು ಪಾಠ ಹೇಳುತ್ತಿದ್ದ ಸ್ಪ್ಯಾನಿಷ್ ಉಪಾಧ್ಯಾಯಿನಿ ಈ ವರ್ಷ ಕೆಲಸ ಬಿಟ್ಟರು. ಅವರ ಸ್ಥಳಕ್ಕೆ ಯಾರನ್ನೂ ತೆಗೆದುಕೊಳ್ಳುವುದು ಬೇಡವೆಂದು ಆಡಳಿತ ಮಂಡಳಿಯ ಅಭಿಪ್ರಾಯ. "ಮೇಷ್ಟ್ರೇ, ಯಂತ್ರ ರಜ ಕೇಳೋದಿಲ್ಲ, ಸಂಬಳ ಹೆಚ್ಚಿಸಿ ಅನ್ನೋದಿಲ್ಲ" ಎಂದು ಹಿರಿಯರೊಬ್ಬರು ನನಗೇ ಹೇಳಿದರು. ಅವರು ನಗುತ್ತಿದ್ದರು, ನನಗೆ ನಗು ಬರಲಿಲ್ಲ. ಇಂದು ಸ್ಪ್ಯಾನಿಷಿಗೆ ಹೇಳಿದ ಮಾತನ್ನು ನಾಳೆ ಕನ್ನಡಕ್ಕೆ ಹೇಳುವುದು ಕಷ್ಟವೇನಲ್ಲ. ಕನ್ನಡ ಪಾಠದ ಯಂತ್ರವೂ ಬಂದೀತು, 'ತಾವು ಬಂದಿರಾ?' ಎಂಬುದನ್ನೂ ನಮ್ಮ ಮಕ್ಕಳಿಗೆ ಅದು ಇಂಗ್ಲಿಷಿನ ಮೂಲಕವೇ ಕಲಿಸೀತು.

ನಾನು ಕೇಳುವುದು ಹೆಚ್ಚೇನಲ್ಲ. ಮೊದಲು ಉಪಾಧ್ಯಾಯರು ಬರಲಿ, ಆಮೇಲೆ ಯಂತ್ರದ ಗುಂಡಿ. ಮೊದಲ ವರ್ಷ ವ್ಯಾಕರಣವನ್ನು ಕನ್ನಡದಲ್ಲಿಯೂ ವಿವರಿಸಲಿ. ವಾರಕ್ಕೊಂದು ಪಾಠವನ್ನು ಸ್ಪ್ಯಾನಿಷ್ ಉಪಾಧ್ಯಾಯರೂ ಕನ್ನಡದ ಉಪಾಧ್ಯಾಯನೂ ಕೂಡಿ ಮಾಡಲಿ; ಸಂಬಳವಿಲ್ಲದೆ ಬರಲು ನಾನು ಸಿದ್ಧ. ಹದಿನಾರನೆಯ ಶತಮಾನದ ಸಾನ್ ಹ್ವಾನ್ ದೆ ಲಾ ಕ್ರೂಸ್ ಆತ್ಮವನ್ನು ವಧುವಾಗಿಸಿ ದೇವರೆಂಬ ನಲ್ಲನನ್ನು ಅರಸಲು ಇರುಳಿನಲ್ಲಿ ಹೊರಡಿಸುವ ಕಾವ್ಯವನ್ನು ಅವರು ಓದಿಸಲಿ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಅರಸಿದ್ದನ್ನು ನಾನು ಓದಿಸುತ್ತೇನೆ. ಇಬ್ಬರೂ ದೇವರನ್ನು ಏಕವಚನದಲ್ಲಿಯೇ ಮಾತಾಡಿಸಿದವರು. ಅದು ಏಕೆಂದು ಆ ಹುಡುಗಿ ಎದ್ದು ಕೇಳಿಯೇ ಕೇಳುತ್ತಾಳೆ. ಆ ಹೊತ್ತಿಗೆ ಉತ್ತರ ಹೇಳಲು ಕೋಣೆಯಲ್ಲಿ ಒಬ್ಬ ಮನುಷ್ಯರಿರಬೇಕು. ಖಾಲಿಯಿರುವ ಆ ಹುದ್ದೆಗೆ ಆಡಳಿತ ಮಂಡಳಿಯವರು ಬರುವ ಜೂನ್ ತಿಂಗಳೊಳಗೆ ಜಾಹೀರಾತು ಕೊಡಲಿ.